ಸಂಗಡಿಗನಿಗೆ ಬಿದ್ದ ಪೆಟ್ಟು

ತನ್ನ ಮೈಮೇಲೆ ಬಿದ್ದ ಏಟನ್ನು ಮನುಷ್ಯ ಹೇಗೋ ಸಹಿಸಿಕೊಂಡಾನು; ತನ್ನವರ ಮೈಮೇಲೆ ಬಿದ್ದ ಏಟನ್ನು ಸಹಿಸುವುದು ಅವನಿಗೆ ಬಲು ಕಷ್ಟ. ಅಣ್ಣನನ್ನು ಯಾರಾದರೂ ನೂಕಿದರೆ ತಮ್ಮನ ಕೈ ತಾನಾಗಿ ಮೇಲೇಳುತ್ತದೆ. ಇದು ಲೋಕಸ್ವಭಾವ. ಇದರ ಬೇರಿನಲ್ಲಿರುವುದು ಪ್ರೀತಿಯಾದ್ದರಿಂದ ಇದನ್ನು ಸುಮ್ಮನೆ ಹಳಿಯಲು ನಮಗೆ ಮನಸ್ಸು ಬಾರದು. ಆದರೆ ಹಾಗೆ ಮೇಲೆದ್ದ ಕೈ ಎಲ್ಲಿ ನಿಲ್ಲಬೇಕು, ಅದನ್ನು ನಿಲ್ಲಿಸಬೇಕಾದವರು ಯಾರು ಎಂಬ ಪ್ರಶ್ನೆ ಹಳೆಯದೂ ಹೌದು, ಗಹನವೂ ಹೌದು. ಅದರ ವಿಚಾರಕ್ಕಾಗಿ ಈ ಸಲ ನಾವು ಓದುಗರನ್ನು ದೂರದ ಒಂದು ಆಟದ ಅಂಗಳಕ್ಕೆ ಕರೆದೊಯ್ಯಬಯಸುತ್ತೇವೆ. ಅದು ಕೆನಡಾ ಮತ್ತು ಅಮೆರಿಕ ದೇಶಗಳ ಐಸ್ ಹಾಕಿ.

ಹಾಕಿ ಎಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಕೊಡಗಿನ ಮೈದಾನಗಳು. ಅಲ್ಲಿ ತಂಡಕ್ಕೆ ಹನ್ನೊಂದು ಜನ. ಎದುರಾಳಿಯನ್ನು ಮೈಯಿಂದ ನೂಕುವುದೇ ತಪ್ಪು. ಐಸ್ ಹಾಕಿಯ ಧರ್ಮ ಬೇರೆ. ಮಂಜುಗಡ್ಡೆಯ ಅಂಗಳದಲ್ಲಿ ತಂಡವೊಂದಕ್ಕೆ ಗೋಲಿಯೂ ಸೇರಿ ಆರು ಜನ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು, ಕೈಯಲ್ಲಿ ಕೋಲು. ಚೆಂಡಿನ ಬದಲಿಗೆ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಆಟ ನಡೆಯುತ್ತದೆ. ಪಕ್ ಹೊತ್ತು ಸಾಗುವವನನ್ನು ಭುಜದಿಂದಲೂ ಮೈಯಿಂದಲೂ ಢಿಕ್ಕಿ ಹೊಡೆದು ತಡೆಯುವುದಕ್ಕೆ ಪುರುಷರ ಆಟದ ನಿಯಮವೇ ಅನುಮತಿ ಕೊಟ್ಟಿದೆ. ವೇಗವಾಗಿ ಜಾರಿ ಬರುವ ಎರಡು ದೇಹಗಳು ಸಂಧಿಸಿದಾಗ ನಿಯಮಬದ್ಧವಾದ ಢಿಕ್ಕಿಗೂ ಅಪಾಯಕರವಾದ ಏಟಿಗೂ ನಡುವಿನ ಅಂತರ ಕೂದಲೆಳೆಯಷ್ಟೇ. ನಮ್ಮ ಅನೇಕ ಮನೆಗಳ ಮಕ್ಕಳು ಆ ದೇಶಗಳಲ್ಲಿ ನೆಲೆಸಿದ್ದಾರೆ. ಮೊಮ್ಮಕ್ಕಳಿಗೆ ಆ ಆಟ ಪರಿಚಿತ. ಆದಕಾರಣ ಈ ವಿಷಯ ಮನೆಯ ಹಿರಿಯರಿಗೂ ತಿಳಿದಿರುವುದು ಲೇಸು.

ಅಂಗರಕ್ಷಕರ ಕಾಲ

ಆ ಆಟದ ಅತ್ಯುನ್ನತ ಕೂಟಕ್ಕೆ ಎನ್.ಎಚ್.ಎಲ್., ಅಂದರೆ ನ್ಯಾಷನಲ್ ಹಾಕಿ ಲೀಗ್ ಎಂದು ಹೆಸರು. 1979ರಲ್ಲಿ ಅದನ್ನು ಪ್ರವೇಶಿಸಿದ ವೇಯ್ನ್ ಗ್ರೆಟ್ಸ್ಕಿ ಎಂಬ ಸಪೂರ ಮೈಕಟ್ಟಿನ ಯುವಕ 1999ರಲ್ಲಿ ನಿವೃತ್ತನಾಗುವ ಹೊತ್ತಿಗೆ 894 ಗೋಲುಗಳನ್ನು ಗಳಿಸಿದ್ದನು. ಆ ದಾಖಲೆಯನ್ನು ಅಲೆಕ್ಸಾಂಡರ್ ಒವೆಚ್ಕಿನ್ ಮುರಿದದ್ದು 2025ರಲ್ಲಿ. ಇಂಥ ಆಟಗಾರನನ್ನು ಗಾಯಗೊಳಿಸಿದರೆ ಅರ್ಧ ಪಂದ್ಯ ಗೆದ್ದಂತೆಯೇ ಎಂಬುದು ಎದುರಾಳಿಗಳಿಗೆ ತಿಳಿಯದ ಗುಟ್ಟೇನಲ್ಲ. ಆದ್ದರಿಂದ ಎಡ್ಮಂಟನ್ ತಂಡದಲ್ಲಿ ಗ್ರೆಟ್ಸ್ಕಿಯ ಬೆಂಗಾವಲಿಗೆ ಡೇವ್ ಸೆಮೆಂಕೊ, ಅನಂತರ ಮಾರ್ಟಿ ಮೆಕ್‌ಸಾರ್ಲಿ ಎಂಬ ಬಲಶಾಲಿಗಳು ಇದ್ದರು. 1988ರಲ್ಲಿ ಗ್ರೆಟ್ಸ್ಕಿಯನ್ನು ಲಾಸ್ ಏಂಜಲೀಸ್ ತಂಡಕ್ಕೆ ಬಿಟ್ಟುಕೊಟ್ಟಾಗ ಮೆಕ್‌ಸಾರ್ಲಿಯೂ ಜೊತೆಯಲ್ಲಿಯೇ ಹೋದನು. ಇಂಥವರಿಗೆ ‘ಎನ್‌ಫೋರ್ಸರ್’ ಎಂದು ಹೆಸರು. ಗೋಲು ಹೊಡೆಯುವುದು ಇವರ ಮುಖ್ಯ ಕೆಲಸವಲ್ಲ. ತಮ್ಮ ನಾಯಕಮಣಿಯನ್ನು ಮುಟ್ಟಿದವನು ಮುಷ್ಟಿಯುದ್ಧದಲ್ಲಿ ಉತ್ತರ ಕೊಡಬೇಕಾಗುವುದೆಂಬ ಭಯವನ್ನು ಎದುರಾಳಿಗಳಲ್ಲಿ ನೆಲೆಗೊಳಿಸುವುದೇ ಇವರ ಕಾಯಕ.

ಬರೆದಿಟ್ಟ ನಿಯಮದ ಪಕ್ಕದಲ್ಲಿಯೇ ಬರೆಯದ ನಿಯಮವೊಂದು ಹೀಗೆ ಬೆಳೆಯಿತು. ನಮ್ಮವನನ್ನು ಹೊಡೆದೆಯಾ, ಕೈಗವಸು ಬಿಸುಟು ಎದುರಿಗೆ ನಿಲ್ಲು, ಇಬ್ಬರೂ ಹೊಡೆದಾಡೋಣ, ಅಲ್ಲಿಗೆ ಲೆಕ್ಕ ಚುಕ್ತಾ. ಎನ್.ಎಚ್.ಎಲ್. ಕೂಟ ಹೊಡೆದಾಟವನ್ನು ಪೂರ್ತಿಯಾಗಿ ನಿಷೇಧಿಸದೆ, ಹೊಡೆದಾಡಿದವರನ್ನು ಐದು ನಿಮಿಷ ಹೊರಗೆ ಕೂರಿಸುವ ದಂಡನೆಯನ್ನಷ್ಟೇ ಇಟ್ಟುಕೊಂಡು ಬಂದಿದೆ. ಜಗಳವನ್ನು ಮೊದಲು ಕೆಣಕಿದವನಿಗೆ ಮಾತ್ರ ಅದರ ಮೇಲೆ ಇನ್ನೂ ಎರಡು ನಿಮಿಷ, ಹತ್ತು ನಿಮಿಷಗಳ ದಂಡನೆಗಳಿವೆ. ಅಂದರೆ ಸಂಗಡಿಗನ ಪರವಾಗಿ ಸೇಡು ತೀರಿಸಲು ಹೊರಟವನು ತನ್ನ ತಂಡಕ್ಕೇ ನಷ್ಟ ತರುತ್ತಾನೆ. ಇಷ್ಟಾದರೂ ನಿಯಮಬದ್ಧವಾದ ಢಿಕ್ಕಿಗೆ ಕೂಡ ಸಂಗಡಿಗರು ಓಡಿಬಂದು ಮೇಲೆ ಬೀಳುವುದು ಇಂದಿಗೂ ಕಾಣುವ ದೃಶ್ಯ.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತನ್ನೂ ಇಲ್ಲಿ ನೆನೆಯಬೇಕು. ಗ್ರೆಟ್ಸ್ಕಿಯನ್ನು ಕಾದ ಮೆಕ್‌ಸಾರ್ಲಿಯೇ ಮುಂದೆ ಬಾಸ್ಟನ್ ತಂಡದವನಾಗಿ, 2000ನೆಯ ಇಸವಿಯ ಫೆಬ್ರವರಿಯಲ್ಲಿ, ವ್ಯಾಂಕೂವರಿನ ಡೊನಾಲ್ಡ್ ಬ್ರಾಷಿಯರ್‌ನ ತಲೆಗೆ ಹಾಕಿ ಕೋಲಿನಿಂದ ಹೊಡೆದು ನ್ಯಾಯಾಲಯದಲ್ಲಿ ಅಪರಾಧಿಯೆನಿಸಿದನು. ರಕ್ಷಣೆಗೆಂದು ಹದಗೊಂಡ ಕೈ ರಕ್ಷಣೆಗಷ್ಟೇ ಸೀಮಿತವಾಗಿ ಉಳಿಯುವುದೆಂಬ ಭರವಸೆ ಎಲ್ಲಿಯೂ ಇಲ್ಲ.

ಮೂರು ವಾರಗಳ ಸೇಡು

ಈಗ ನಾವು ಹೇಳಬೇಕೆಂದಿರುವ ಮುಖ್ಯ ಪ್ರಸಂಗಕ್ಕೆ ಬರೋಣ. 2004ರ ಫೆಬ್ರವರಿ 16ರಂದು ವ್ಯಾಂಕೂವರ್ ಮತ್ತು ಕೊಲರಾಡೊ ತಂಡಗಳ ನಡುವೆ ಪಂದ್ಯ. ವ್ಯಾಂಕೂವರಿನ ನಾಯಕ, ಸ್ವೀಡನ್ ದೇಶದ ಮಾರ್ಕಸ್ ನೇಸ್ಲುಂಡ್, ಆಗ ಕೂಟದ ಅಗ್ರಗಣ್ಯ ಆಟಗಾರರಲ್ಲಿ ಒಬ್ಬನು. ಅವನು ಬಾಗಿ ಪಕ್ಕಿಗೆ ಕೈಚಾಚಿದ್ದಾಗ ಕೊಲರಾಡೊದ ಸ್ಟೀವ್ ಮೂರ್ ಕೊಟ್ಟ ಢಿಕ್ಕಿ ತಲೆಗೆ ತಗುಲಿತು. ಮಿದುಳಿಗೆ ಆಘಾತವಾಗಿ ನೇಸ್ಲುಂಡ್ ಮೂರು ಪಂದ್ಯಗಳಿಂದ ಹೊರಗುಳಿದನು. ಮೂರ್‌ಗೆ ಅಂಗಳದಲ್ಲಿ ಪೆನಾಲ್ಟಿ ಬೀಳಲಿಲ್ಲ. ಕೂಟದ ಅಧಿಕಾರಿಗಳೂ ಪರಿಶೀಲಿಸಿ ಯಾವ ಶಿಕ್ಷೆಯನ್ನೂ ವಿಧಿಸಲಿಲ್ಲ.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಢಿಕ್ಕಿ ನಿಯಮಬದ್ಧವೋ ಅಲ್ಲವೋ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವುಂಟು. ಆದರೆ ತಮ್ಮ ನಾಯಕ ನೆಲಕ್ಕುರುಳಿದ್ದನ್ನು ಕಣ್ಣಾರೆ ಕಂಡ ಸಂಗಡಿಗರಿಗೆ, ನ್ಯಾಯ ಕೊಡಬೇಕಾದವರು ಕೈಕಟ್ಟಿ ಕುಳಿತರು ಎಂದು ತೋರಿತು. ನ್ಯಾಯಪೀಠ ಬರಿದಾಗಿದೆ ಎಂದು ಜನರಿಗೆ ತೋರಿದಾಗ ಅಲ್ಲಿ ಸೇಡು ಬಂದು ಕುಳಿತುಕೊಳ್ಳುತ್ತದೆ.

ಮಾರ್ಚ್ 3ರಂದು ಡೆನ್ವರಿನಲ್ಲಿ ಎರಡೂ ತಂಡಗಳು ಮತ್ತೆ ಎದುರಾದವು. ಕೂಟದ ಮುಖ್ಯಸ್ಥರೇ ಆ ಪಂದ್ಯಕ್ಕೆ ಬಂದಿದ್ದರು. ಏನೂ ಅನಾಹುತ ನಡೆಯಲಿಲ್ಲ. ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ಮತ್ತೊಂದು ಪಂದ್ಯ. ಮೊದಲ ಅವಧಿಯಲ್ಲಿಯೇ ವ್ಯಾಂಕೂವರಿನ ಮ್ಯಾಟ್ ಕುಕ್ ಮೂರ್‌ನನ್ನು ಎದುರಿಸಿದನು, ಇಬ್ಬರೂ ಹೊಡೆದಾಡಿದರು. ಬರೆಯದ ನಿಯಮದ ಪ್ರಕಾರ ಸಾಲ ತೀರಿತ್ತು. ಆದರೂ ಸಿಟ್ಟು ಆರಲಿಲ್ಲ. ಮೂರನೆಯ ಅವಧಿಯಲ್ಲಿ ಕೊಲರಾಡೊ 8–2ರಿಂದ ಮುಂದಿದ್ದಾಗ ಟಾಡ್ ಬರ್ಟುಝಿ ಮೂರ್‌ನ ಬೆನ್ನುಹತ್ತಿದನು. ಈತ ಹೊಡೆದಾಟಕ್ಕೆಂದು ಇಟ್ಟುಕೊಂಡ ಆಳಲ್ಲ. ನೇಸ್ಲುಂಡನ ಪಕ್ಕದಲ್ಲಿಯೇ ಆಡುತ್ತಿದ್ದ, ಹಿಂದಿನ ಋತುವಿನಲ್ಲಿ 46 ಗೋಲು ಗಳಿಸಿದ್ದ ಹೆಸರಾಂತ ಆಟಗಾರ. ಹೊಡೆದಾಡಲು ಕರೆದಾಗ ಮೂರ್ ತಿರುಗಲಿಲ್ಲ. ಬರ್ಟುಝಿ ಹಿಂದಿನಿಂದ ತಲೆಯ ಪಕ್ಕಕ್ಕೆ ಗುದ್ದಿ ಅವನೊಡನೆ ಮಂಜುಗಡ್ಡೆಯ ಮೇಲೆ ಬಿದ್ದನು. ಅವರಿಬ್ಬರ ಮೇಲೆ ಇತರ ಆಟಗಾರರು ಬಿದ್ದರು.

ಮೂರ್‌ನ ಕುತ್ತಿಗೆಯ ಮೂರು ಮೂಳೆಗಳು ಮುರಿದಿದ್ದವು, ಮಿದುಳಿಗೂ ಆಘಾತವಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಆ 25ರ ತರುಣ ಮತ್ತೆಂದೂ ಎನ್.ಎಚ್.ಎಲ್.ನಲ್ಲಿ ಆಡಲಿಲ್ಲ. ಬರ್ಟುಝಿಯನ್ನು ಕೂಟದಿಂದ ಹೊರಗಿಟ್ಟರು. ಅವನು ಮರಳಿದ್ದು 2005ರ ಆಗಸ್ಟಿನ ಅನುಮತಿಯ ನಂತರ. ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ. 2004ರ ಡಿಸೆಂಬರಿನಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡ ಬರ್ಟುಝಿಗೆ ಒಂದು ವರ್ಷದ ಸನ್ನಡತೆಯ ಷರತ್ತೂ 80 ಗಂಟೆಗಳ ಸಮಾಜಸೇವೆಯೂ ವಿಧಿತವಾದವು. ಮೂರ್ ಹೂಡಿದ ಪರಿಹಾರದ ದಾವೆ ಹಲವು ವರ್ಷಗಳ ಕಾಲ ಎಳೆದು 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಘಟನೆಯ ಎರಡು ದಿನಗಳ ಮೇಲೆ ಬರ್ಟುಝಿ ಪತ್ರಕರ್ತರ ಮುಂದೆ ಕಣ್ಣೀರಿಟ್ಟು ಕ್ಷಮೆ ಕೇಳಿದ್ದನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎಂಬ ನಮ್ಮ ಹಿರಿಯರ ಮಾತು ಎಷ್ಟು ನಿಜ!

ಲಾಭನಷ್ಟಗಳ ಲೆಕ್ಕವನ್ನೂ ಹಾಕೋಣ. ಯಾರ ಸಲುವಾಗಿ ಈ ಸೇಡು ನಡೆಯಿತೋ ಆ ನೇಸ್ಲುಂಡ್ ಅಷ್ಟು ಹೊತ್ತಿಗೆ ಚೇತರಿಸಿಕೊಂಡು ಆಡುತ್ತಿದ್ದನು. ಗೆಳೆಯನ ಪೆಟ್ಟು ಮೂರು ಪಂದ್ಯಗಳಷ್ಟು. ಪ್ರತಿಯಾಗಿ ಕೊಟ್ಟ ಪೆಟ್ಟು ಒಂದು ಇಡೀ ವೃತ್ತಿಜೀವನದಷ್ಟು. ಬರ್ಟುಝಿ ಇಲ್ಲದ ವ್ಯಾಂಕೂವರ್ ತಂಡ ಆ ವರ್ಷದ ಅಂತಿಮ ಸುತ್ತುಗಳ ಮೊದಲ ಹಂತದಲ್ಲಿಯೇ ಏಳನೆಯ ಪಂದ್ಯದಲ್ಲಿ ಸೋತು ಮನೆಗೆ ಮರಳಿತು. ನ್ಯಾಯಕ್ಕೆ ತಕ್ಕಡಿಯುಂಟು, ಸೇಡಿಗೆ ತಕ್ಕಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಕುಕ್ ಎಂಬವನ ಕಥೆ

ಇದೇ ಮ್ಯಾಟ್ ಕುಕ್ ಮುಂದೆ ಪಿಟ್ಸ್‌ಬರ್ಗ್ ತಂಡ ಸೇರಿದನು. 2004ರಲ್ಲಿ ಗೆಳೆಯನ ತಲೆಗೆ ಬಿದ್ದ ಪೆಟ್ಟಿಗಾಗಿ ಕಾದಾಡಿದ ಆತನೇ 2010ರ ಮಾರ್ಚ್ 7ರಂದು ಬಾಸ್ಟನ್ನಿನ ಶ್ರೇಷ್ಠ ಆಟಗಾರ ಮಾರ್ಕ್ ಸವಾರ್ಡ್‌ನ ತಲೆಗೆ, ಅವನು ಕಾಣದ ದಿಕ್ಕಿನಿಂದ ಬಂದು ಢಿಕ್ಕಿ ಹೊಡೆದನು. ಈ ಸಲವೂ ಪೆನಾಲ್ಟಿಯಿಲ್ಲ, ಅಮಾನತಿಲ್ಲ. ಅಂದು ಅಂಗಳದಲ್ಲಿದ್ದ ಬಾಸ್ಟನ್ ಆಟಗಾರರು ಕುಕ್‌ನ ಮೇಲೆ ಬೀಳಲಿಲ್ಲವೆಂದು ಅವರನ್ನೇ ಅನೇಕರು ಜರೆದರು. ಮಾರ್ಚ್ 18ರಂದು ತಂಡಗಳು ಮತ್ತೆ ಎದುರಾದಾಗ ಆಟ ಆರಂಭವಾಗುತ್ತಿದ್ದಂತೆಯೇ ಶಾನ್ ಥಾರ್ನ್‌ಟನ್ ಕುಕ್‌ನೊಡನೆ ಹೊಡೆದಾಡಿದನು. ಇದರಿಂದ ಸವಾರ್ಡ್‌ನಿಗೆ ಆರೋಗ್ಯ ಮರಳಲಿಲ್ಲ. 2011ರ ಜನವರಿಯಲ್ಲಿ ಮತ್ತೊಮ್ಮೆ ತಲೆಗೆ ಪೆಟ್ಟಾದ ಮೇಲೆ ಅವನ ಆಟವೇ ಮುಗಿಯಿತು. ಕುಕ್‌ನ ನಡತೆಯೂ ಆ ಹೊಡೆದಾಟದಿಂದ ತಿದ್ದಲಿಲ್ಲ.

ತಿದ್ದಿದ್ದು ಏನು? ಸವಾರ್ಡ್ ಪ್ರಸಂಗದ ಮೇಲೆ ಎಚ್ಚೆತ್ತ ಕೂಟ ಅದೇ ತಿಂಗಳು, ಕಾಣದ ದಿಕ್ಕಿನಿಂದ ಬಂದು ತಲೆಯನ್ನೇ ಗುರಿಯಾಗಿಸುವ ಢಿಕ್ಕಿಗಳನ್ನು ದಂಡಿಸಲು ನಿರ್ಧರಿಸಿತು. ಮುಂದಿನ ಋತುವಿನಿಂದ ಅದು 48ನೆಯ ನಿಯಮವಾಯಿತು. 2011ರ ಮಾರ್ಚಿನಲ್ಲಿ ಕುಕ್ ಮತ್ತೊಬ್ಬನ ತಲೆಗೆ ಮೊಣಕೈಯಿಂದ ಹೊಡೆದಾಗ ಉಳಿದ ಹತ್ತು ಪಂದ್ಯಗಳಿಂದಲೂ ಅಂತಿಮ ಸುತ್ತುಗಳ ಮೊದಲ ಹಂತದಿಂದಲೂ ಅವನನ್ನು ಹೊರಗಿಟ್ಟರು. ಅವನ ಸ್ವಂತ ತಂಡದ ವ್ಯವಸ್ಥಾಪಕರೇ ಆ ಶಿಕ್ಷೆ ಯುಕ್ತವೆಂದರು. ಇದು ಬಹಳ ದೊಡ್ಡ ಮಾತು. ತನ್ನವನ ತಪ್ಪನ್ನು ತಪ್ಪೆಂದು ಹೇಳುವ ಮನೆ ಮಾತ್ರ ಪರರಿಂದ ನ್ಯಾಯ ಕೇಳಲು ಅರ್ಹವಾಗುತ್ತದೆ. ಆ ಋತುವಿನಲ್ಲಿ ಒಟ್ಟು 129 ನಿಮಿಷ ದಂಡನೆಯಲ್ಲಿ ಕಳೆದಿದ್ದ ಕುಕ್ ಮರು ಋತುವಿನಲ್ಲಿ 44 ನಿಮಿಷಗಳಿಗೆ ಇಳಿದನು. 19 ಗೋಲುಗಳನ್ನೂ ಗಳಿಸಿದನು. ಅವನು ಪೂರ್ತಿ ಬದಲಾದನೆಂದು ನಾವು ಹೇಳುವುದಿಲ್ಲ. 2014ರಲ್ಲಿ ಎದುರಾಳಿಯ ಮೊಣಕಾಲಿಗೆ ಪೆಟ್ಟು ಕೊಟ್ಟು ಮತ್ತೆ ಏಳು ಪಂದ್ಯಗಳ ಶಿಕ್ಷೆಗೆ ಒಳಗಾದನು. ಆದರೂ ಮುಷ್ಟಿಗಳು ಮಾಡಲಾಗದ್ದನ್ನು ನಿಷ್ಪಕ್ಷಪಾತವಾದ ದಂಡನೆ ಒಂದು ಮಟ್ಟಿಗೆ ಮಾಡಿತು.

ಕಾಯುವವರನ್ನು ಕಾಯುವವರಾರು?

ಇನ್ನೊಂದು ನೋವಿನ ಸಂಗತಿಯುಂಟು. ಇತರರಿಗಾಗಿ ಹೊಡೆದಾಡುತ್ತ ಬಾಳಿದವರ ಗತಿಯೇನು? ಮಿನೆಸೋಟ ಮತ್ತು ನ್ಯೂಯಾರ್ಕ್ ತಂಡಗಳಲ್ಲಿ ಈ ಕೆಲಸ ಮಾಡಿದ ಡೆರೆಕ್ ಬೂಗಾರ್ಡ್ 2011ರ ಮೇ ತಿಂಗಳಲ್ಲಿ ನೋವುನಿವಾರಕ ಮಾತ್ರೆ ಮತ್ತು ಮದ್ಯದ ಮಿಶ್ರಣದಿಂದ ತೀರಿಕೊಂಡನು. ವಯಸ್ಸು 28. ಮರಣಾನಂತರ ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯರು ಅವನ ಮಿದುಳನ್ನು ಪರೀಕ್ಷಿಸಿದಾಗ, ತಲೆಗೆ ಮೇಲಿಂದ ಮೇಲೆ ಬಿದ್ದ ಪೆಟ್ಟುಗಳಿಗೆ ಸಂಬಂಧಿಸಿದ ಸಿ.ಟಿ.ಇ. ಎಂಬ ರೋಗ ಕಂಡುಬಂತು. ಸಂಗಡಿಗರ ತಲೆಯನ್ನು ಕಾಯಲು ತನ್ನ ತಲೆಯನ್ನೇ ಒಡ್ಡಿದ ಆ ಹುಡುಗನಿಗೂ ಒಬ್ಬ ತಾಯಿಯಿದ್ದಳು. ಇಂದು ಹೊಡೆದಾಟಕ್ಕೆಂದೇ ಇಟ್ಟುಕೊಳ್ಳುವ ಆಟಗಾರರು ಆ ಕೂಟದಿಂದ ಬಹುಮಟ್ಟಿಗೆ ಮರೆಯಾಗಿದ್ದಾರೆ. ಅದು ಸಮಾಧಾನದ ವಿಷಯ.

ಹಾಗಾದರೆ ಗೆಳೆಯ ಬಿದ್ದಾಗ ಸಂಗಡಿಗರು ಸುಮ್ಮನಿರಬೇಕೆ? ಸುಮ್ಮನಿರುವುದು ಧರ್ಮವೆಂದು ನಾವು ಹೇಳಲಾರೆವು. ಮೊದಲು ಬಿದ್ದವನ ಬಳಿಗೆ ಹೋಗಬೇಕು, ಹೊಡೆದವನ ಬಳಿಗಲ್ಲ. ಮತ್ತೊಂದು ಏಟು ತಗುಲದಂತೆ ಅವನಿಗೆ ಅಡ್ಡವಾಗಿ ನಿಲ್ಲಬೇಕು. ಕಂಡದ್ದನ್ನು ಕಂಡಂತೆ ರೆಫರಿಯ ಮುಂದೆ ಗಟ್ಟಿಯಾಗಿ ಹೇಳಬೇಕು. ಆ ಆಟದಲ್ಲಿಯೇ ಒಂದು ಉತ್ತಮ ಉತ್ತರವೂ ಅಡಗಿದೆ. ಎದುರಾಳಿಯೊಬ್ಬ ದಂಡನೆಯಿಂದ ಹೊರಗೆ ಕುಳಿತಾಗ ಇವರ ಕಡೆ ಒಬ್ಬ ಹೆಚ್ಚಿರುತ್ತಾನೆ. ‘ಪವರ್ ಪ್ಲೇ’ ಎಂಬ ಆ ಹೊತ್ತಿನಲ್ಲಿ ಗೋಲು ಹೊಡೆಯುವುದು ಗಾಯಗೊಂಡವನಿಗೆ ಸಲ್ಲಿಸುವ ನಿಜವಾದ ಗೌರವ. ಆದರೆ ಈ ಉತ್ತರ ಸಾಧ್ಯವಾಗಬೇಕಾದರೆ ರೆಫರಿಯ ಕೈ ಸಕಾಲದಲ್ಲಿ ಮೇಲೇಳಬೇಕು. ಅದು ಏಳದಿದ್ದ ದಿನ ಬೇರೆ ಕೈಗಳು ಮೇಲೇಳುತ್ತವೆ.

ಈ ಮಾತು ಮನೆಯ ಹಿರಿಯರಿಗೆ ಹೆಚ್ಚು ಅನ್ವಯಿಸುತ್ತದೆ ಎಂದು ನಮ್ಮ ಭಾವನೆ. ಮಗು ಶಾಲೆಯಿಂದ ಪೆಟ್ಟು ತಿಂದು ಬಂದಿತೆಂದು ಅದರ ಅಣ್ಣನು ಕೋಲು ಹಿಡಿದು ಹೊರಟರೆ, ಕೋಲನ್ನು ಕಸಿದುಕೊಂಡು ಅವನನ್ನು ಬೈದರೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಅಣ್ಣನ ಪ್ರೀತಿಯನ್ನು ಮೆಚ್ಚಿ, ಅವನನ್ನೂ ಜೊತೆಗೆ ಕರೆದುಕೊಂಡು, ಅಂದೇ ಹೋಗಿ ನ್ಯಾಯ ಕೇಳಬೇಕು. ನಾಳೆ ನೋಡೋಣವೆಂದು ತಳ್ಳಿದ ಪ್ರತಿಯೊಂದು ದಿನವೂ ಆ ಹುಡುಗನ ಮನಸ್ಸಿನಲ್ಲಿ ಕೋಲನ್ನು ಇನ್ನಷ್ಟು ದಪ್ಪವಾಗಿಸುತ್ತದೆ. ವ್ಯಾಂಕೂವರಿನಲ್ಲಿ ಅದು ದಪ್ಪವಾಗಲು ಮೂರು ವಾರಗಳು ಸಾಕಾದವು.