ದೀಪಾವಳಿಯೂ ಮನೆಯ ನಾಯಿಯೂ

ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ನುಡಿಸಿದರೆಂಬ ಐತಿಹ್ಯವು ಶರಣಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ನಮ್ಮ ಅಂಗಳದ ನಾಯಿಗೆ ಮಾತಿಲ್ಲ. ಅದರ ಭಯವನ್ನು ನಾವೇ ಅರಿಯಬೇಕು.

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ನಿಲುಕಿದರೆ, ನಾಯಿಗೆ ಸುಮಾರು 45,000ದವರೆಗೂ ನಿಲುಕುತ್ತದೆ. ನಮಗೆ ಕೇಳಿಸದ ಮಂದವಾದ ಸದ್ದೂ ಅದಕ್ಕೆ ಕೇಳಿಸುತ್ತದೆ. ಗರ್ನಾಲಿನ ಸಿಡಿತಕ್ಕೆ ಕಾರಣವರಿಯದ ಆ ಪ್ರಾಣಿಗೆ ಓಟವೊಂದೇ ಉಪಾಯ. ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮೂಲಕ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಬೆದರಿ ಓಡಿದ ನಾಯಿಗೆ ಅಲ್ಲಿನ ವಾಹನವೇ ಮೃತ್ಯುವಾಗಬಹುದು.

ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಅವಧಿಯನ್ನು ನಿಗದಿಗೊಳಿಸಿತು. ಅದಕ್ಕೆ ಮೊದಲೇ ನಾಯಿಯನ್ನು ತಿರುಗಾಡಿಸಿ, ಉಣಿಸಿ, ಒಳಕೋಣೆಯಲ್ಲಿರಿಸಿ ಕದ ಕಿಟಕಿಗಳನ್ನು ಮುಚ್ಚಬೇಕು. ಅಂಗಳದಲ್ಲಿ ಸರಪಳಿಯಿಂದ ಕಟ್ಟುವುದು ರಕ್ಷಣೆಯಲ್ಲ. ಬೆದರಿ ಎಳೆದಾಡಿದಾಗ ಅದೇ ಉರುಳಾದೀತು. ಮಂಚದಡಿ ಅವಿತರೆ ಎಳೆಯಬಾರದು, ಗದರಲೂಬಾರದು. ಪರಿಚಿತರೊಬ್ಬರು ಬಳಿಯಿದ್ದರೆ ಸಾಕು. ಕೊರಳಪಟ್ಟಿಯಲ್ಲಿ ಮನೆಯ ದೂರವಾಣಿ ಸಂಖ್ಯೆಯಿದ್ದರೆ ತಪ್ಪಿಸಿಕೊಂಡದ್ದು ಮರಳಿ ಬರಲು ದಾರಿಯಾಗುತ್ತದೆ.

ಹಬ್ಬದ ಊಟದಲ್ಲಿಯೂ ಎಚ್ಚರ ಬೇಕು. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಈರುಳ್ಳಿ ರಕ್ತಕಣಗಳನ್ನು ನಾಶಮಾಡುತ್ತದೆ. ಚಾಕೊಲೇಟು ಹೃದಯಕ್ಕೆ ವಿಷ. ತಿಂದುದು ತಿಳಿದೊಡನೆ ಪಶುವೈದ್ಯರನ್ನು ಕಾಣಬೇಕು.

ರಜೆಗೆ ಮುನ್ನ ಅಧ್ಯಾಪಕರು ಮಕ್ಕಳಿಗೆ ಇನ್ನೊಂದು ಮಾತನ್ನು ಹೇಳಲೇಬೇಕು: ನಾಯಿಯ ಬಾಲಕ್ಕೆ ಪಟಾಕಿ ಕಟ್ಟುವುದು ವಿನೋದವಲ್ಲ, ಹಿಂಸೆ, 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಗೋಪೂಜೆಯಂದು ಹಸುವಿಗೆ ಆರತಿ ಬೆಳಗುವ ಮನೆಯಲ್ಲಿ, ಬಾಗಿಲು ಕಾಯುವ ಜೀವಕ್ಕೂ ನಿರ್ಭಯವಾದ ಒಂದು ಮೂಲೆ ದೊರೆಯಲಿ.