ಓಖಿ ಶಿಖರದ ರಕ್ಕಸನ ಮನೆ

ಬೆಟ್ಟದ ತುದಿಯಲ್ಲಿ ಊರಿಲ್ಲ, ಹೊಲವಿಲ್ಲ. ಇರುವುದು ಬಂಡೆ, ಗಾಳಿ ಮತ್ತು ಒಂದು ಕಲ್ಲುಮನೆ. ಅದನ್ನು ಕಟ್ಟಿದವರು ಯಾರು?

ಗ್ರೀಸಿನ ಯೂಬಿಯಾ ದ್ವೀಪದ ದಕ್ಷಿಣಕ್ಕೆ ಕಾರಿಸ್ತೋಸ್ ಎಂಬ ಕಡಲ ತೀರದ ಪಟ್ಟಣವಿದೆ. ಅದರ ಬೆನ್ನಿಗೆ ನಿಂತಿರುವುದೇ ಓಖಿ ಪರ್ವತ. ಎತ್ತರ ಸುಮಾರು 1,400 ಮೀಟರ್. 1797ರಲ್ಲಿ ಇದನ್ನೇರಿದ ಜಾನ್ ಹಾಕಿನ್ಸ್ ಎಂಬ ಇಂಗ್ಲಿಷ್ ಪ್ರವಾಸಿ ಶಿಖರದ ಬಂಡೆಗಳ ನಡುವೆ ಈ ಕಟ್ಟಡವನ್ನು ಕಂಡು ಬೆರಗಾದ. ಸ್ಥಳೀಯರು ಇಂಥವನ್ನು ಕರೆಯುವುದು 'ಡ್ರಾಕೋಸ್ಪಿಟೊ' ಎಂದು. ಇಂಗ್ಲಿಷಿನಲ್ಲಿ ಅದು 'ಡ್ರಾಗನ್ ಮನೆ' ಆಗಿದೆ. ಆದರೆ ಗ್ರೀಕ್ ಜನಪದ ಕಥೆಗಳ ಡ್ರಾಕೋಸ್ ಬೆಂಕಿಯುಗುಳುವ ಹಾವಲ್ಲ, ಅಪಾರ ಬಲದ ದೈತ್ಯ. ನಮ್ಮ ರಕ್ಕಸನೇ ಅವನಿಗೆ ಹತ್ತಿರದ ನೆಂಟ.

ಒಳಗೆ ಸುಮಾರು ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದೇ ಕೋಣೆ. ಗೋಡೆಯ ದಪ್ಪ ಒಂದು ಮೀಟರಿಗೂ ಹೆಚ್ಚು. ದಕ್ಷಿಣಕ್ಕೆ ಬಾಗಿಲು, ಅದರ ಎರಡೂ ಪಕ್ಕಕ್ಕೆ ಕಿಟಕಿ. ಬಾಗಿಲ ಮೇಲೆ ಹಲವು ಟನ್ ತೂಗುವ ಒಂದೇ ಕಲ್ಲು! ಗಾರೆಯ ಹೆಸರೇ ಇಲ್ಲ. ಚಾವಣಿಯದಂತೂ ಇನ್ನೂ ಸೋಜಿಗ. ಚಪ್ಪಡಿಗಳನ್ನು ಒಂದರ ಮೇಲೊಂದು, ಪ್ರತಿಯೊಂದೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚುವಂತೆ ಪೇರಿಸಿದ್ದಾರೆ. ಗೋಡೆಯ ಮೇಲೆ ಕುಳಿತ ಹಿಂಬದಿಯ ಭಾರವೇ ಮುಂದೆ ಚಾಚಿದ ಭಾಗ ಬೀಳದಂತೆ ಹಿಡಿದಿಡುತ್ತದೆ. ನಡುವೆ ಬೆಳಕಿಗೊಂದು ಉದ್ದನೆಯ ಕಿಂಡಿ.

ಇದು ಹೇರಾ ದೇವಿಯ ಗುಡಿ ಎನ್ನುವವರಿದ್ದಾರೆ. ದೇವರಾಜ ಜೀಯಸ್ ಮತ್ತು ಹೇರಾ ಕೂಡಿದ್ದು ಈ ಬೆಟ್ಟದಲ್ಲೇ ಎಂಬುದು ಹಳೆಯ ಐತಿಹ್ಯ. ಇನ್ನು ಕೆಲವರ ಕಣ್ಣು ಬೆಟ್ಟದ ಇಳಿಜಾರಿನ ಕಲ್ಲುಗಣಿಗಳ ಮೇಲೆ. ಕಾರಿಸ್ತೋಸಿನ ಹಸಿರು ಗೆರೆಯ ಅಮೃತಶಿಲೆ ರೋಮ್ ನಗರಕ್ಕೇ ಹೋಗುತ್ತಿತ್ತು. ಅಲ್ಲಿನ ಆಂಟೊನೈನಸ್ ಮತ್ತು ಫೌಸ್ಟಿನಾ ದೇಗುಲದ ಕಂಬಗಳು ಇದೇ ಕಲ್ಲಿನವು. ಗಣಿ ಕೆಲಸಕ್ಕೆ ಏಷ್ಯಾ ಮೈನರಿನ ಕಾರಿಯಾದಿಂದ ತಂದ ಗುಲಾಮರು ತಮ್ಮೂರಿನ ರೀತಿಯಲ್ಲಿ ಕಟ್ಟಿದರು ಎಂಬುದು ಇವರ ವಾದ. ಕಾರಿಯಾದಲ್ಲಿ ಇದನ್ನು ಹೋಲುವ ಕಟ್ಟಡಗಳಿರುವುದೂ ನಿಜ.

ಸ್ಟೀರಾ ಊರಿನ ಬಳಿ ಒಂದೆಡೆ ಗುಂಪಾಗಿ ನಿಂತಿರುವ ಮೂರು ರಕ್ಕಸನ ಮನೆಗಳಿಗೆ ಈ ವಾದ ಒಪ್ಪಬಹುದು. ಆದರೆ ದಿನವಿಡೀ ಕಲ್ಲು ಒಡೆದು ದಣಿದವನು ಮಲಗಲು ಶಿಖರ ಹತ್ತುತ್ತಾನೆಯೇ? ಪ್ರಾಧ್ಯಾಪಕ ನಿಕೊಲಾಓಸ್ ಮೂತ್ಸೊಪೂಲೋಸ್ 1959ರಲ್ಲಿ ಇಲ್ಲಿ ಅಗೆಸಿದಾಗ ಮಡಕೆ ಚೂರುಗಳ ಜೊತೆ ಪ್ರಾಣಿಗಳ ಮೂಳೆಗಳೂ ಸಿಕ್ಕವು. ಅವು ಬಲಿಯ ಗುರುತಾದರೆ ಗುಡಿಯ ವಾದವೇ ಮೇಲು ಎಂದು ನನಗನಿಸುತ್ತದೆ. ಬರೀ ಊಟದ ಉಳಿಕೆಯಾದರೆ ಕುರಿಗಾಹಿಗಳಿಗೂ ಕಾವಲುಗಾರರಿಗೂ ಪಾಲು ಕೊಡಬೇಕಾದೀತು.

ಕೆಳಗಿನ ಇಳಿಜಾರಿನಲ್ಲಿ ರೋಮನ್ನರ ಕಾಲಕ್ಕೆ ಕಡಿದ ಕಂಬಗಳು ಸಾಗಣೆಯಾಗದೆ ಇನ್ನೂ ಬಿದ್ದಿವೆ. ಅವನ್ನು ದಾಟಿ ಮೇಲಕ್ಕೆ ನಡೆದವರಿಗೆ ಶಿಖರದ ಗಾಳಿಯಿಂದ ಮರೆಯಾಗಲು ಆ ಕಲ್ಲುಮನೆಯ ಬಾಗಿಲು ಇಂದಿಗೂ ತೆರೆದೇ ಇದೆ.