ಆಹಾರ ಸೇವನೆಯ ಅಸ್ವಸ್ಥತೆ ಮತ್ತು ಅಪೌಷ್ಟಿಕತೆ

ಆಹಾರ ಸೇವನೆಯ ಅಸ್ವಸ್ಥತೆ ಎಂಬುದು ಊಟ, ತೂಕ ಅಥವಾ ದೇಹದ ಆಕಾರಕ್ಕೆ ಸಂಬಂಧಿಸಿದ ಆಲೋಚನೆ ಹಾಗೂ ನಡವಳಿಕೆಗಳು ದೀರ್ಘಕಾಲ ಏರುಪೇರಾಗಿ, ಶರೀರಕ್ಕೂ ದೈನಂದಿನ ಬದುಕಿಗೂ ಹಾನಿಯುಂಟುಮಾಡುವ ಮಾನಸಿಕ ಕಾಯಿಲೆಗಳ ಗುಂಪು. ಇಂಗ್ಲಿಷಿನಲ್ಲಿ ಇವುಗಳನ್ನು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಅಪೌಷ್ಟಿಕತೆಯು ಈ ಕಾಯಿಲೆಗಳ ಪರಿಣಾಮವೂ ಹೌದು, ಅವು ಮುಂದುವರಿಯಲು ಕಾರಣವೂ ಹೌದು. ಮನೆಯಲ್ಲಿ ಆಹಾರ ಸಾಕಷ್ಟಿದ್ದಾಗಲೂ ಇಂತಹ ಅಪೌಷ್ಟಿಕತೆ ತಲೆದೋರಬಹುದಾದ್ದರಿಂದ, ಇದರ ಪತ್ತೆ ಮತ್ತು ಚಿಕಿತ್ಸೆಯು ಬಡತನದಿಂದ ಬರುವ ಅಪೌಷ್ಟಿಕತೆಯವುಗಳಿಗಿಂತ ಭಿನ್ನವಾಗಿರುತ್ತದೆ.

ಮುಖ್ಯ ವಿಧಗಳು

ಅನೊರೆಕ್ಸಿಯಾ ನರ್ವೋಸಾದಲ್ಲಿ ರೋಗಿಯು ಆಹಾರವನ್ನು ತೀವ್ರವಾಗಿ ಮಿತಿಗೊಳಿಸಿ ಅಪಾಯಕಾರಿಯಾಗಿ ಕೃಶವಾಗುತ್ತಾನೆ ಅಥವಾ ಕೃಶವಾಗುತ್ತಾಳೆ. ಈ ಹೆಸರನ್ನು ಬಳಕೆಗೆ ತಂದವನು 19ನೇ ಶತಮಾನದ ಆಂಗ್ಲ ವೈದ್ಯ ವಿಲಿಯಂ ಗಲ್. 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದ ಬುಲಿಮಿಯಾ ನರ್ವೋಸಾದಲ್ಲಿ ಹತೋಟಿ ತಪ್ಪಿ ಅತಿಯಾಗಿ ತಿನ್ನುವುದು, ಬಳಿಕ ವಾಂತಿ, ಭೇದಿ ಔಷಧ, ಉಪವಾಸ ಅಥವಾ ಅತಿ ವ್ಯಾಯಾಮದಿಂದ ಅದನ್ನು ಸರಿದೂಗಿಸಲು ಯತ್ನಿಸುವುದು ಕಂಡುಬರುತ್ತದೆ. ಸರಿದೂಗಿಸುವ ಯತ್ನವಿಲ್ಲದೆ ಮಿತಿಮೀರಿ ತಿನ್ನುವುದು ಮತ್ತೊಂದು ವಿಧ. ತೂಕದ ಚಿಂತೆಯಿಲ್ಲದಿದ್ದರೂ ವಾಸನೆ, ಸ್ಪರ್ಶ ಅಥವಾ ಗಂಟಲಲ್ಲಿ ಸಿಲುಕುವ ಭಯದಿಂದ ಹಲವು ಆಹಾರಗಳನ್ನು ತ್ಯಜಿಸುವುದು ಇನ್ನೊಂದು.

ಶರೀರದ ಮೇಲಿನ ಪರಿಣಾಮಗಳು

ಆಹಾರ ಸಾಲದಾದಾಗ ಶರೀರವು ಮೊದಲು ಕೊಬ್ಬನ್ನೂ ಅನಂತರ ಸ್ನಾಯುಗಳನ್ನೂ ಕರಗಿಸಿಕೊಳ್ಳುತ್ತದೆ. ಹೃದಯವೂ ಸ್ನಾಯುವೇ ಆದ್ದರಿಂದ ಅದು ದುರ್ಬಲಗೊಳ್ಳುತ್ತದೆ. ನಾಡಿ ನಿಧಾನವಾಗಿ ರಕ್ತದೊತ್ತಡ ಇಳಿಯುತ್ತದೆ. ಸದಾ ಚಳಿ, ತಲೆಸುತ್ತು, ಮಲಬದ್ಧತೆ, ಕೂದಲುದುರುವಿಕೆ ಕಾಣಿಸಿಕೊಳ್ಳುತ್ತವೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲಬಹುದು. ಮೂಳೆಗಳು ಗಟ್ಟಿಗೊಳ್ಳಬೇಕಾದ ಹದಿಹರೆಯದಲ್ಲಿಯೇ ಈ ಕಾಯಿಲೆ ಹೆಚ್ಚಾಗಿ ಆರಂಭವಾಗುವುದರಿಂದ, ಆಗ ಕಳೆದುಕೊಂಡ ಮೂಳೆಯ ಸಾಂದ್ರತೆ ಮುಂದೆ ಪೂರ್ಣವಾಗಿ ಮರಳದೇ ಹೋಗಬಹುದು.

ಪದೇ ಪದೇ ವಾಂತಿ ಮಾಡಿಕೊಳ್ಳುವವರಲ್ಲಿ ಹಲ್ಲಿನ ಹೊರಕವಚ ಸವೆಯುತ್ತದೆ, ಕೆನ್ನೆಯ ಬಳಿಯ ಜೊಲ್ಲುಗ್ರಂಥಿಗಳು ಊದಿಕೊಳ್ಳುತ್ತವೆ. ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಹಠಾತ್ತನೆ ತಪ್ಪಬಹುದು. ಇವರ ತೂಕ ಸಾಮಾನ್ಯವಾಗಿಯೇ ಇರಬಹುದು. ಆದ್ದರಿಂದ ತೂಕವೊಂದನ್ನೇ ಆರೋಗ್ಯದ ಅಳತೆಯಾಗಿ ಪರಿಗಣಿಸಲಾಗದು. ಮಾನಸಿಕ ಕಾಯಿಲೆಗಳ ಪೈಕಿ ಅತ್ಯಧಿಕ ಮರಣ ಪ್ರಮಾಣವುಳ್ಳವುಗಳಲ್ಲಿ ಅನೊರೆಕ್ಸಿಯಾ ಒಂದು.

ಹಸಿವು ಮನಸ್ಸನ್ನು ಬದಲಿಸುವ ಬಗೆ

1944ರ ನವೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನೇತೃತ್ವದ ಪ್ರಯೋಗವೊಂದು ಆರಂಭವಾಯಿತು. ಆರೋಗ್ಯವಂತರಾದ 36 ಮಂದಿ ಯುವಕರು ಸ್ವಇಚ್ಛೆಯಿಂದ ಪಾಲ್ಗೊಂಡು, ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿದ್ದು, ತಮ್ಮ ತೂಕದ ಸುಮಾರು ಕಾಲು ಭಾಗ ಕಳೆದುಕೊಂಡರು. ಅವರಲ್ಲಿ ಖಿನ್ನತೆ, ಸಿಡುಕು, ಏಕಾಂತಪ್ರಿಯತೆ, ಸದಾ ಊಟದ್ದೇ ಧ್ಯಾನ ಕಂಡುಬಂದವು. ಹಲವು ಲಕ್ಷಣಗಳು ಹಸಿವಿನಿಂದಲೇ ಹುಟ್ಟುತ್ತವೆ ಎಂಬುದು ಇದರಿಂದ ತಿಳಿಯಿತು. ಆದಕಾರಣ ರೋಗಿಯ ಹಟವೆಂದು ಮನೆಯವರು ಭಾವಿಸುವ ವರ್ತನೆಯಲ್ಲಿ ಅಪೌಷ್ಟಿಕತೆಯ ಪಾಲೂ ಇರುತ್ತದೆ.

ಕರ್ನಾಟಕದಲ್ಲಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವೆಡೆ, ಬಳಲಿದ ಹುಡುಗಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದರೆ ಆಕೆ ಊಟ ಬಿಟ್ಟಿರುವ ಸಂಗತಿ ಬೆಳಕಿಗೆ ಬಾರದಿರಬಹುದು. ಭಾರತದ ಕೆಲವು ರೋಗಿಗಳು ದಪ್ಪಗಾಗುವ ಭಯವನ್ನು ಹೇಳುವುದಿಲ್ಲ. ಹಸಿವಿಲ್ಲ, ಹೊಟ್ಟೆ ತುಂಬಿದಂತಿದೆ ಎಂದಷ್ಟೇ ಹೇಳುತ್ತಾರೆ. ಹೀಗಾಗಿ ಅವರು ಮೊದಲು ಹೊಟ್ಟೆಯ ಚಿಕಿತ್ಸೆಗೆ ಹೋಗುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತುಮಕೂರು ಜಿಲ್ಲೆಯ ತೆಂಗಿನ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ. ನೊಣವಿನಕೆರೆಯಂತಹ ಊರುಗಳ ಅಡುಗೆಯಲ್ಲಿ ಸುಣ್ಣದ ಅಂಶ ಹೇರಳವಾಗಿರುವ ರಾಗಿ, ಸಸಾರಜನಕವುಳ್ಳ ಅವರೆ ಮತ್ತು ಹುರುಳಿ, ಕೊಬ್ಬಿನಂಶವುಳ್ಳ ತೆಂಗಿನಕಾಯಿ ಎಲ್ಲವೂ ಇವೆ. ಅಟ್ಟದಲ್ಲಿ ಕೊಬ್ಬರಿ, ಕಣಜದಲ್ಲಿ ರಾಗಿ ಇರುವ ಮನೆಯಲ್ಲಿಯೂ ಮುದ್ದೆಯನ್ನು ದೂರ ಸರಿಸುವ ಮಗುವಿಗೆ ಅಪೌಷ್ಟಿಕತೆ ಬರುತ್ತದೆ. ಅಲ್ಲಿ ಕೊರತೆಯಿರುವುದು ಆಹಾರದ್ದಲ್ಲ.

ಏಕಾದಶಿ, ಶಿವರಾತ್ರಿಯ ಉಪವಾಸ ಅಥವಾ ಒಪ್ಪೊತ್ತಿನ ಊಟ ಸ್ವತಃ ಕಾಯಿಲೆಯಲ್ಲ. ವ್ರತಕ್ಕೆ ಗೊತ್ತಾದ ದಿನವಿದೆ, ಮುಗಿತಾಯವಿದೆ. ವ್ರತ ಮುಗಿದರೂ ಊಟಕ್ಕೆ ಮರಳಲಾಗದಿರುವುದು, ಒಬ್ಬರೇ ಉಣ್ಣಬಯಸುವುದು, ಊಟವಾದೊಡನೆ ಬಚ್ಚಲಿಗೆ ಹೋಗುವುದು, ತೂಕ ಇಳಿಯುತ್ತಿರುವುದು ಎಚ್ಚರಿಕೆಯ ಲಕ್ಷಣಗಳು.

ಚಿಕಿತ್ಸೆ

ಶರೀರದ ಪುನಃಪೋಷಣೆ, ಮನೋಚಿಕಿತ್ಸೆ ಮತ್ತು ಕುಟುಂಬದ ಪಾಲ್ಗೊಳ್ಳುವಿಕೆ ಚಿಕಿತ್ಸೆಯ ಮೂರು ಅಂಗಗಳು. ಬಹಳ ದಿನ ಉಣ್ಣದವರಿಗೆ ಏಕಾಏಕಿ ಹೊಟ್ಟೆ ತುಂಬ ಉಣಿಸುವುದು ಅಪಾಯಕರ. ಆಹಾರ ದೊರೆತೊಡನೆ ಇನ್ಸುಲಿನ್ ಹೆಚ್ಚಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ಸೇರಿ, ರಕ್ತದಲ್ಲಿ ಅವುಗಳ ಪ್ರಮಾಣ ಕುಸಿಯುತ್ತದೆ. ಹೃದಯ, ಉಸಿರಾಟ ಕೈಕೊಡಬಹುದು. ಆದ್ದರಿಂದ ತೀವ್ರ ಕೃಶರಾದವರಿಗೆ ವೈದ್ಯರ ನಿಗಾದಲ್ಲಿ, ರಕ್ತಪರೀಕ್ಷೆ ಮಾಡುತ್ತ ಕ್ರಮವಾಗಿ ಆಹಾರ ಹೆಚ್ಚಿಸಬೇಕು. ಮೂರ್ಛೆ, ಎದೆಬಡಿತದ ಏರುಪೇರು, ತೀವ್ರ ನಿಶ್ಶಕ್ತಿ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯಕೀಯ ಚಿಕಿತ್ಸೆ ದೊರೆಯುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ಪಡೆಯಬಹುದು. ಬೇಗ ಪತ್ತೆಯಾದಷ್ಟೂ ಗುಣಮುಖರಾಗುವ ಸಾಧ್ಯತೆ ಹೆಚ್ಚು.